ಓಬಳೇಶನ ಅಂಗೈಯಲ್ಲಿ ನಿಲ್ಲದ ತೀರ್ಥ

ನಮ್ಮ ಯಲ್ಲದಕೆರೆಯಲ್ಲಿ ನೀರಿಗೂ ಮನುಷ್ಯನಿಗೂ ಜಗಳವಾದದ್ದು ಒಂದೇ ಸಲ. ಅದೂ ಒಂದು ಮಂಗಳವಾರ, ಬೆಳಿಗ್ಗೆ ಎಂಟೂ ಕಾಲಿಗೆ, ಊರಮ್ಮನ ಗುಡಿಯಲ್ಲಿ. ಮನುಷ್ಯನ ಹೆಸರು ಓಬಳೇಶ. ನೀರಿನ ಹೆಸರು ತೀರ್ಥ.

ಓಬಳೇಶ ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಚುರುಕು ಅವನಲ್ಲಿಲ್ಲ. ಕುರಿ ಕಾಯಲು ಹೋಗಿ ಮರದಡಿ ಮಲಗಿದ, ಕುರಿಗಳು ತಾವೇ ದಾರಿ ನೋಡಿಕೊಂಡು ಹೊಸದುರ್ಗದ ಕಡೆ ನಡೆದವು. ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಬೋರ್‌ವೆಲ್ ಪಾಯಿಂಟು ತೋರಿಸುವವನಾದ, ಅವನು ತೋರಿಸಿದ ಕಡೆಯೆಲ್ಲ ಸೊಗಸಾದ ಧೂಳು ಬಂತು. ಟೀ ಅಂಗಡಿ ಇಟ್ಟ, ಗಿರಾಕಿ ಬರುವಷ್ಟರಲ್ಲಿ ಟೀ ಮುಗಿದಿರುತ್ತಿತ್ತು, ಕುಡಿದವನು ಅವನೇ. ಹೀಗೆ ನಲವತ್ತೆಂಟು ವರ್ಷ ಕಳೆದ ಮೇಲೆ ಅವನಿಗೊಂದು ನಿಜವಾದ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಹೆಸರೂ ಇತ್ತು. ನ್ಯಾನೋ ಆಪರೇಟರ್.

ಕೆಲಸ ಕೊಟ್ಟವರು ಭೀಮಸಮುದ್ರದ ಶಿವಕುಮಾರಪ್ಪನವರು. ಅಡಿಕೆ ವ್ಯಾಪಾರದವರು. ನಮ್ಮೂರಿನ ಹೊರಗೆ ಹಿರಿಯೂರು ರಸ್ತೆಗೆ ಒಂದು ಕಂಬಳಿ ಶೆಡ್ ಹಾಕಿದ್ದರು. ನಮ್ಮ ಕಡೆಯ ಕರಿ ಕಂಬಳಿಗೆ ಹಿಂದಿನಿಂದಲೂ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಗಂಜಿ ಕುಡಿದ ಕಂಬಳಿ ಒಣಗಿದಾಗ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಸಣ್ಣ ಮಳೆ ತಡೆಯುತ್ತದೆ. ದೊಡ್ಡ ಮಳೆ ಬಂದರೆ ಮಾತ್ರ ಗಂಜಿ ಕರಗಿ, ಹೊದ್ದವನ ಹೆಗಲ ಮೇಲೆ ಒಂದು ಒದ್ದೆ ಎಮ್ಮೆ ಹತ್ತಿ ಕೂತ ಹಾಗಾಗುತ್ತದೆ. ಶಿವಕುಮಾರಪ್ಪನವರು ದೂರದ ಯಾವುದೋ ಕಂಪನಿಯಿಂದ ಡ್ರಮ್ಮಿನಲ್ಲಿ ‘ನ್ಯಾನೋ’ ಎಂಬ ಒಂದು ಬಿಳಿ ಪುಡಿ ತರಿಸಿದರು. ಅದರ ಒಂದು ಕಣ ಎಷ್ಟು ಸಣ್ಣದೆಂದರೆ, ತಲೆಗೂದಲನ್ನು ಉದ್ದಕ್ಕೆ ಸಾವಿರಾರು ಸೀಳು ಮಾಡಿ, ಒಂದು ಸೀಳನ್ನು ಎತ್ತಿಕೊಂಡರೆ ಅಷ್ಟು. ಅದನ್ನು ಗಂಜಿಗೆ ಬೆರೆಸಿ ಕಂಬಳಿಗೆ ಬಳಿದರೆ ನೀರು ಕಂಬಳಿಯನ್ನು ಮುಟ್ಟುವುದಕ್ಕೇ ಹೆದರುತ್ತದೆ.

ಮೊದಲ ದಿನ ಶಿವಕುಮಾರಪ್ಪನವರು ಊರ ಮುಂದೆ ಒಂದು ಕೊಡ ನೀರನ್ನು ಕಂಬಳಿ ಮೇಲೆ ಸುರಿದು ತೋರಿಸಿದರು. ನೀರು ಮಣಿ ಮಣಿಯಾಗಿ ಉರುಳಿ ಕೆಳಗೆ ಬಿತ್ತು. ಕಂಬಳಿ ಒಣಗಿಯೇ ಇತ್ತು. ನಮ್ಮ ಕುರಿ ಅಜ್ಜಪ್ಪ ಅದೇ ಕಂಬಳಿ ಹೊದ್ದು ಬಯಲಲ್ಲಿ ಮೂರು ತಾಸು ಮಳೆಯಲ್ಲಿ ಕೂತು ಎದ್ದಾಗ, ಸುತ್ತ ಮೊಣಕಾಲುದ್ದ ನೀರು ನಿಂತಿತ್ತಂತೆ, ಅವನ ಬಾಯಲ್ಲಿದ್ದ ಬೀಡಿ ಮಾತ್ರ ಇನ್ನೂ ಉರಿಯುತ್ತಿತ್ತಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಊರಿಗೆಲ್ಲ ಹೇಳಿದವನು ನಾನೇ ಆದ್ದರಿಂದ ನಂಬದೆ ಗತಿಯಿಲ್ಲ.

ತಮಾಷೆ ಬಿಟ್ಟು ಹೇಳುವುದಾದರೆ, ಆ ಪುಡಿಯಿಂದ ಊರಿಗೆ ಒಳ್ಳೆಯದೇ ಆಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಆರ್ಡರ್ ಬಂತು. ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂರುತ್ತಿದ್ದ ಹದಿನಾಲ್ಕು ಹೆಂಗಸರಿಗೆ ದಿನಾ ಕೆಲಸ ಸಿಕ್ಕಿತು. ಅವರಲ್ಲಿ ಓಬಳೇಶನ ಹೆಂಡತಿ ಸುಮಾ ಒಬ್ಬಳು.

ಪುಡಿಯ ಜೊತೆ ಕಂಪನಿಯಿಂದ ಒಬ್ಬ ಮನುಷ್ಯನೂ ಬಂದು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಎರಡು ತಾಸು ತರಬೇತಿ ಕೊಟ್ಟ. ಯಾರಿಗೂ ಏನೂ ತಿಳಿಯಲಿಲ್ಲ. ಎಲ್ಲರೂ ಅವನ ಬಾಯನ್ನೇ ನೋಡುತ್ತ ಕೂತಿದ್ದರು. ಓಬಳೇಶ ಒಬ್ಬನೇ ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದ. ಅದು ಅವನಿಗೆ ಟೀ ಅಂಗಡಿಯಿಂದ ಬಂದ ಅಭ್ಯಾಸ. ಕಂಪನಿಯವನು ಬಹಳ ಸಂತೋಷಪಟ್ಟು, ‘ಈ ಮನುಷ್ಯನೇ ಪುಡಿ ಬೆರೆಸಲಿ’ ಎಂದು ಬರೆದುಕೊಟ್ಟು, ಒಂದು ಪೆಟ್ಟಿಗೆ ಇಟ್ಟು ಹೋದ. ಪೆಟ್ಟಿಗೆಯಲ್ಲಿ ರಬ್ಬರ್ ಗ್ಲೌಸು, ಒಂದು ಕಟ್ಟು ದಪ್ಪನೆಯ ಬಿಳಿ ಮಾಸ್ಕು, ಕಣ್ಣಿಗೆ ಹಾಕುವ ಕನ್ನಡಕ.

ಓಬಳೇಶ ಪೆಟ್ಟಿಗೆಯನ್ನು ವ್ಯರ್ಥ ಮಾಡಲಿಲ್ಲ. ಗ್ಲೌಸು ಸುಮಾಗೆ ಕೊಟ್ಟ, ಮೆಣಸಿನಕಾಯಿ ತೊಟ್ಟು ಬಿಡಿಸಲು ಅನುಕೂಲವಾಯಿತು. ಕನ್ನಡಕವನ್ನು ಗುಡಿಯ ಪೂಜಾರಿ ಜುಂಜಯ್ಯನಿಗೆ ಕೊಟ್ಟ, ಅವನು ಮೊಪೆಡ್ಡಿನಲ್ಲಿ ಹಿರಿಯೂರಿಗೆ ಹೋಗುವಾಗ ಕಣ್ಣಿಗೆ ಹುಳ ಬೀಳುವುದು ನಿಂತಿತು. ಮಾಸ್ಕುಗಳನ್ನು ಅಜ್ಜಪ್ಪ ಕೇಳಿ ಇಸಿದುಕೊಂಡ. ಎಳೆಯ ಕುರಿಮರಿಗಳು ಮಣ್ಣು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತವೆ, ಅದಕ್ಕೆ ಅವುಗಳ ಮೂತಿಗೆ ಬಾಯಿಕುಕ್ಕೆ ಕಟ್ಟಬೇಕು. ಕುಕ್ಕೆ ಹೆಣೆಯುವ ಕೆಲಸ ತಪ್ಪಿತು. ಮಾಸ್ಕಿನ ಎರಡು ಎಲಾಸ್ಟಿಕ್ಕೂ ಮರಿಯ ಕಿವಿ ಹಿಂದೆ ಅಳತೆ ತೆಗೆದು ಮಾಡಿದಂತೆ ಕೂತವು.

ಸುಮಾ ಒಂದು ಸಲ ಕೇಳಿದಳು, “ರೀ, ಅವು ನಿಮಗೆ ಅಂತ ಕೊಟ್ಟಿದ್ದಲ್ಲೇನ್ರಿ?”

“ಲೇ, ನಮ್ಮಜ್ಜಿ ಗಂಜಿ ಕಲೆಸೋವಾಗ ಗ್ಲೌಸ್ ಹಾಕಿದ್ಲೇನು?” ಅಂದ ಓಬಳೇಶ. “ಗಂಜಿ ಹದ ಅಂಗೈಗೆ ಗೊತ್ತಾಗ್ಬೇಕು. ಬೆರಳಲ್ಲಿ ಉಜ್ಜಿ ನೋಡ್ಬೇಕು. ರಬ್ಬರಿಗೆ ಏನ್ ಗೊತ್ತಾಗ್ತೈತೆ, ರಬ್ಬರಿಗೆ ಜೀವ ಐತಾ?”

ಇದು ನಮ್ಮ ಕಡೆ ಎಲ್ಲರೂ ಒಪ್ಪುವ ಮಾತು. ಹುಣಸೆ ಗಂಜಿಯ ಹದ ನೋಡುವುದು ಅಂಗೈಯಲ್ಲೇ. ಹಾಗಾಗಿ ಓಬಳೇಶ ಬೋಗುಣಿಗೆ ಒಣ ಪುಡಿ ಸುರಿದು, ಮೊಣಕೈವರೆಗೆ ಕೈ ಹಾಕಿ, ರಾಗಿ ಹಿಟ್ಟಿನ ಹಾಗೆ ತಿರುವುತ್ತಿದ್ದ. ಪುಡಿ ಗಾಳಿಗೆ ಹಾರಿ ನಷ್ಟವಾಗಬಾರದೆಂದು ಬಾಗಿಲು ಕಿಟಕಿ ಹಾಕುತ್ತಿದ್ದ. ಸೆಕೆಯಾಗುತ್ತದೆಂದು ಫ್ಯಾನ್ ಹಾಕುತ್ತಿದ್ದ. ಒಳಗೆ ಬೆಳ್ಳಗೆ ಮಂಜು ಕವಿಯುತ್ತಿತ್ತು. ಹೆಂಗಸರು ಶೆಡ್ಡಿನೊಳಗೇ ಊಟಿ ನೋಡಿದೆವೆಂದು ಖುಷಿಪಟ್ಟರು. ಸಂಜೆ ಓಬಳೇಶ ಕೈ ತೊಳೆಯಲು ನಲ್ಲಿಗೆ ಹಿಡಿದರೆ ನೀರು ಮುಟ್ಟಿದಂತೆ ಮಾಡಿ ಜಾರಿ ಹೋಗುತ್ತಿತ್ತು. ಕೈ ಮೇಲೆ ಏನೂ ನಿಲ್ಲುತ್ತಿಲ್ಲ, ಆದ್ದರಿಂದ ಕೈ ಶುದ್ಧವಾಗಿದೆ ಎಂದು ಅವನು ತಿಳಿದ. ಆ ಕಾಲಕ್ಕೇ ಅವನಿಗೊಂದು ಒಣ ಕೆಮ್ಮು ಹತ್ತಿತು. ದೊಡ್ಡ ಹುದ್ದೆಯವರು ಮಾತಿಗೆ ಮುಂಚೆ ಕೆಮ್ಮುತ್ತಾರಲ್ಲ, ಹಾಗೇ ಇರಬೇಕೆಂದು ನಾವೂ ಗೌರವ ಕೊಟ್ಟೆವು.

ತಿಂಗಳು ತುಂಬಿ ಮೊದಲ ಸಂಬಳ ಬಂದ ಮರುದಿನವೇ ಆ ಮಂಗಳವಾರ. ಓಬಳೇಶ ತೆಂಗಿನಕಾಯಿ, ಊದುಬತ್ತಿ ಹಿಡಿದು ಅಮ್ಮನಿಗೆ ಕೈ ಮುಗಿಯಲು ಬಂದ. ಜುಂಜಯ್ಯ ಮಂಗಳಾರತಿ ಕೊಟ್ಟ. ಓಬಳೇಶ ಬಲ ಅಂಗೈಯನ್ನು ಬಟ್ಟಲು ಮಾಡಿ ಚಾಚಿದ. ಜುಂಜಯ್ಯ ತಾಮ್ರದ ತಂಬಿಗೆಯಿಂದ ಒಂದು ಚಮಚ ತೀರ್ಥ ಬಿಟ್ಟ.

ತೀರ್ಥ ನಿಲ್ಲಲಿಲ್ಲ. ಪಾದರಸದ ಹಾಗೆ ಗುಂಡಗಾಗಿ, ಅಂಗೈಯಲ್ಲಿ ಒಂದು ಸುತ್ತು ಹೊಡೆದು, ಕಿರುಬೆರಳ ಪಕ್ಕದಿಂದ ಹಾರಿ ನೆಲಕ್ಕೆ ಬಿತ್ತು.

“ಕೈ ಸರಿಯಾಗಿ ಹಿಡಿಯಪ್ಪ,” ಅಂದ ಜುಂಜಯ್ಯ.

ಎರಡನೇ ಚಮಚ. ಈ ಸಲ ಮೂರು ಗುಂಡಾಗಿ, ಮೂರೂ ಬೇರೆ ಬೇರೆ ದಿಕ್ಕಿಗೆ ಹೋದವು. ಮೂರನೇ ಚಮಚಕ್ಕೆ ಓಬಳೇಶ ಎರಡೂ ಕೈ ಜೋಡಿಸಿ ಬಾಯಿಯ ಹತ್ತಿರವೇ ಹಿಡಿದ. ತೀರ್ಥ ಮೊಣಕೈವರೆಗೆ ಉರುಳಿ ಹೋಗಿ, ಅಲ್ಲಿಂದ ಹಿಂದೆ ನಿಂತಿದ್ದ ದುರುಗಕ್ಕನ ಪಾದದ ಮೇಲೆ ಬಿತ್ತು. ಅವಳ ಪಾದದ ಮೇಲೆ ಮಾತ್ರ ಎಲ್ಲರ ಪಾದದ ಮೇಲೆ ನಿಲ್ಲುವ ಹಾಗೆ ನಿಂತಿತು.

ಗುಡಿಯಲ್ಲಿ ಇಪ್ಪತ್ತು ಜನ ಇದ್ದರು. ಎಲ್ಲರೂ ನೋಡಿದರು. ಜುಂಜಯ್ಯ ಚಮಚವನ್ನು ನಿಧಾನವಾಗಿ ತಂಬಿಗೆಗೆ ಬಿಟ್ಟು ಕೇಳಿದ, “ಏನ್ ಮಾಡ್ಕಂಡಿದೀಯಪ್ಪ ಓಬಳೇಶ?”

“ನಾನೇನ್ ಮಾಡಿಲ್ಲ ಕಣಯ್ಯ.”

“ಏನೂ ಮಾಡದೆ ಅಮ್ಮ ತೀರ್ಥ ವಾಪಸ್ ಇಸ್ಕಂತಾಳೇನಪ್ಪ? ನಲವತ್ತು ವರ್ಷದಿಂದ ಕೊಡ್ತಿದೀನಿ. ಕಳ್ರು ಕುಡ್ದವ್ರೆ, ಸುಳ್ರು ಕುಡ್ದವ್ರೆ, ಪಂಚಾಯ್ತಿ ಮೆಂಬರ್‌ಗಳು ಕುಡ್ದವ್ರೆ. ಒಬ್ರ ಕೈಯಲ್ಲೂ ಹಿಂಗ್ ಓಡಿ ಹೋಗಿಲ್ಲ.”

ಸುದ್ದಿ ಓಬಳೇಶನಿಗಿಂತ ಮೊದಲು ಮನೆ ಮುಟ್ಟಿತ್ತು. ಅವನು ಬರುವಷ್ಟರಲ್ಲಿ ದುರುಗಕ್ಕ ಅವನ ಮನೆ ಜಗಲಿ ಮೇಲೆ ಎಲೆ ಅಡಿಕೆ ಬಿಚ್ಚಿಕೊಂಡು ಕೂತಿದ್ದಳು. ಅವಳು ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ಬಂದು ಕೊನೆಗೆ ಹೋಗುವವಳು.

“ಹೇಳಿಬಿಡು ತಮ್ಮಾ,” ಅಂದಳು. “ಒಳಗಿಟ್ಕಂಡ್ರೆ ಕೊಳೀತೈತೆ. ಏನ್ ಪಾಪ ಮಾಡಿದೀಯ?”

ಓಬಳೇಶ ಪ್ರಾಮಾಣಿಕವಾಗಿ ಯೋಚಿಸಿದ. “ಅಕ್ಕಾ, ಹುಡುಗ ಆಗಿದ್ದಾಗ ನಿನ್ ಕಂದು ಮೇಕೆ ಇತ್ತಲ್ಲ, ಅದನ್ನ ದಿನಾ ಮೇಯಿಸಾಕೆ ಹೊಡ್ಕಂಡ್ ಹೋಗಿ ಬೇಲಿ ಮರೇಲಿ ಹಾಲ್ ಕರ್ಕಂಡ್ ಕುಡೀತಿದ್ದೆ. ಮೂರು ವರ್ಷ.”

ದುರುಗಕ್ಕನ ಬಾಯಲ್ಲಿದ್ದ ಎಲೆ ಹಾಗೇ ನಿಂತಿತು. “ಅಯ್ಯೋ ನಿನ್ ಮನೆ ಕಾಯ. ಗೊಡ್ಡು ಅಂತ ಅದನ್ನ ಸಂತೇಲಿ ಮಾರಿದ್ನಲ್ಲೋ. ಆ ಮೇಕೆ ನನ್ ಮುಖ ಹೆಂಗ್ ನೋಡ್ಕಂಡ್ ಹೋಯ್ತು ಗೊತ್ತಾ?”

ಅವಳೇ ಒಳಗೆ ಹೋಗಿ ನೀರು ತಂದು ಅವನ ಅಂಗೈಗೆ ಸುರಿದು ನೋಡಿದಳು. ಉರುಳಿ ಹೋಯಿತು. “ಇದಲ್ಲ. ಇನ್ನೂ ದೊಡ್ಡದೈತೆ,” ಎಂದು ತೀರ್ಮಾನಿಸಿದಳು.

ಮಧ್ಯಾಹ್ನಕ್ಕೆ ಅಜ್ಜಪ್ಪ ಬಂದ. ಓಬಳೇಶ ಅವನ ಮುಂದೆ, ಬೋರ್‌ವೆಲ್ ಪಾಯಿಂಟು ತೋರಿಸಿದ ದಿನ ತನಗೆ ತೆಂಗಿನಕಾಯಿ ಅಲ್ಲಾಡಿಯೇ ಇರಲಿಲ್ಲ, ನಡೆದು ಸುಸ್ತಾಗಿ ನಿಂತ ಜಾಗವನ್ನೇ ತೋರಿಸಿದೆನೆಂದು ಒಪ್ಪಿಕೊಂಡ.

“ಆರ್ನೂರ್ ಅಡಿ ಕೊರೆಸಿದೀನಲ್ಲೋ,” ಅಂದ ಅಜ್ಜಪ್ಪ. “ಆರ್ನೂರ್ ಅಡಿ. ಅಲ್ಲಿಂದ ಬಂದ ಧೂಳು ಇನ್ನೂ ನಮ್ ಅತ್ತೆ ಕಣ್ಣಾಗೈತೆ.”

ಮತ್ತೆ ನೀರು ಬಿಟ್ಟು ನೋಡಿದರು. ಮತ್ತೆ ಉರುಳಿತು. ಊರಿನಲ್ಲಿ ಇದೊಂದು ಪದ್ಧತಿಯೇ ಆಯಿತು. ಒಬ್ಬೊಬ್ಬರಾಗಿ ಬಂದು, ತಮಗೆ ಸಂಬಂಧಪಟ್ಟ ಪಾಪವನ್ನು ಕೇಳಿ, ಬೈದು, ಅಂಗೈಗೆ ಒಂದು ಲೋಟ ಬಿಟ್ಟು ನೋಡಿ ಹೋಗುತ್ತಿದ್ದರು. ನೀರಿನ ಬದಲು ಮಜ್ಜಿಗೆ ಬಿಟ್ಟರು, ಎಳನೀರು ಬಿಟ್ಟರು. ಎಲ್ಲವೂ ಉರುಳಿದವು. ಜುಂಜಯ್ಯ ಅಮ್ಮನನ್ನೇ ಕೇಳೋಣವೆಂದು ಹೂವಿನ ಅಪ್ಪಣೆ ಏರ್ಪಡಿಸಿದ. ಒದ್ದೆ ಹೂವಿನ ಎಸಳನ್ನು ವಿಗ್ರಹಕ್ಕೆ ಅಂಟಿಸಿ, ಬಲಕ್ಕೆ ಬಿದ್ದರೆ ಸೈ, ಎಡಕ್ಕೆ ಬಿದ್ದರೆ ಇಲ್ಲ ಎಂದು ತಿಳಿಯುವ ಕ್ರಮ ಅದು. ಕೇಳುವವನ ಕೈಯಿಂದಲೇ ಎಸಳು ಬರಬೇಕಲ್ಲ, ಓಬಳೇಶ ಮುಟ್ಟಿ ಕೊಟ್ಟ ಎಸಳು ಅಂಟಲೇ ಇಲ್ಲ. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ, ನೇರ ಜುಂಜಯ್ಯನ ಕಾಲ ಮೇಲೆ ಬಿತ್ತು. ಇದಕ್ಕೆ ಶಾಸ್ತ್ರದಲ್ಲಿ ಅರ್ಥವಿಲ್ಲದ್ದರಿಂದ ಜುಂಜಯ್ಯ ಆ ದಿನ ಬೇಗ ಬಾಗಿಲು ಹಾಕಿದ.

ಗುರುವಾರದ ಹೊತ್ತಿಗೆ ಓಬಳೇಶನ ಬಳಿ ಇದ್ದ ಪಾಪಗಳೆಲ್ಲ ಖರ್ಚಾದವು. ಬಂದವರಿಗೆ ಏನು ಹೇಳುವುದೆಂದು ತಿಳಿಯದೆ ನನ್ನ ಹತ್ತಿರ ಬಂದು ಕೂತ. ಪಕ್ಕದ ಮನೆಯವನಾಗಿ ಇಷ್ಟಾದರೂ ಮಾಡದಿದ್ದರೆ ಹೇಗೆ ಎಂದು ನಾನು ನನ್ನದೇ ಒಂದು ಸಣ್ಣದನ್ನು ಅವನಿಗೆ ಕೊಟ್ಟೆ. ಅದನ್ನು ಅವನು ನನಗಿಂತ ಚೆನ್ನಾಗಿ ಹೇಳಿಕೊಂಡ.

ಆದರೆ ನಗುವ ವಿಷಯ ಬುಧವಾರವೇ ಮುಗಿದಿತ್ತು. ಆ ದಿನ ಶಿವಕುಮಾರಪ್ಪನವರು ಕಾರಿನಲ್ಲಿ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಕಾರಿನಿಂದ ಇಳಿಯದೆ ಕಿಟಕಿಯಿಂದಲೇ ಮಾತಾಡಿದರು.

“ಓಬಳೇಶಿ, ನಮ್ ಕಂಬಳಿ ಬರೀ ಹೊದೆಯಾಕಲ್ಲಪ್ಪ. ಮದ್ವೆಗೆ ಹಾಸ್ತಾರೆ. ಕಂಬಳಿ ಗದ್ದುಗೆ ಮ್ಯಾಲೆ ದೇವ್ರು ಇಡ್ತಾರೆ. ಕಂಬಳಿ ಆರ್ಡರ್ ಕೊಟ್ಟಿದ್ದ ತಾಳ್ಯದವರು ನಿನ್ನೆ ಫೋನ್ ಮಾಡಿದ್ರು. ಅಮ್ಮ ಒಲ್ಲೆ ಅಂದ ಕೈಯಿಂದ ಕಲೆಸಿದ ಗಂಜಿ ನಮ್ಗೆ ಬ್ಯಾಡ ಅಂದ್ರು.”

“ಸಾವ್ಕಾರ್ರೆ, ಇದೊಂದು ಕೆಲಸ ನನ್ ಕೈ ಹಿಡಿದೈತೆ,” ಅಂದ ಓಬಳೇಶ.

“ನಾನು ಅನ್ಯಾಯ ಮಾಡಾದಿಲ್ಲ. ಶುಕ್ರವಾರ ಎಲ್ಲರ ಮುಂದೆ ಇನ್ನೊಂದ್ ಸಲ ತೀರ್ಥ ಇಸ್ಕ. ನಿಂತ್ರೆ ಕೆಲಸಕ್ಕೆ ಬಾ. ಉರುಳಿದ್ರೆ ಮನೇಲಿರು.”

ಆ ದಿನದಿಂದ ಓಬಳೇಶ ಅಂಗೈಯನ್ನು ಮುಖದ ಮುಂದೆ ಹಿಡಿದುಕೊಂಡೇ ಕೂತ. ಓದಲು ಬಾರದವನು ಕಾಗದ ಹಿಡಿದ ಹಾಗಿತ್ತು. ಕೆಮ್ಮು ಜಾಸ್ತಿಯಾಗಿತ್ತು. ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಊರು ಅದನ್ನೂ ಪಾಪದ ಖಾತೆಗೇ ಸೇರಿಸಿತು.

ಸುಮಾ ಮಾತ್ರ ಮೂರು ದಿನದಿಂದ ಒಂದೇ ಮಾತು ಹೇಳುತ್ತಿದ್ದಳು. “ಕಂಬಳಿ ಮ್ಯಾಲೆ ನೀರು ಹೆಂಗ್ ಉರುಳ್ತೈತೋ, ಇವ್ರ ಕೈ ಮ್ಯಾಲೂ ಹಂಗೇ ಉರುಳ್ತೈತಲ್ಲ. ಅದೇ ಪುಡಿ ಅಲ್ಲೇನು?”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ಸುಲಭವಾಗಿ ತಿಳಿಯುವ ಕಾರಣ ನಿಜವಾಗಿರಲಾರದೆಂಬುದು ಊರಿನ ಅಭಿಪ್ರಾಯ. “ನಿನ್ ಗಂಡ ಅಂತ ಹಂಗಂತೀಯ ಬಿಡವ್ವ,” ಅಂದಳು ದುರುಗಕ್ಕ.

ಶೆಡ್ಡಿನ ಗೋಡೆಯ ಮೇಲೆ ಕಾರ್ಮಿಕರಿಗೆ ತೊಂದರೆಯಾದರೆ ಫೋನ್ ಮಾಡಬೇಕಾದ ಒಂದು ನಂಬರಿನ ಬೋರ್ಡು ಇತ್ತು. ಇಡಬೇಕೆಂದು ನಿಯಮವಿದ್ದುದರಿಂದ ಇಟ್ಟಿದ್ದರು. ಓದಬೇಕೆಂದು ನಿಯಮವಿಲ್ಲದ್ದರಿಂದ ಅದರ ಮೇಲೆ ಕ್ಯಾಲೆಂಡರ್ ನೇತು ಹಾಕಿದ್ದರು. ಗುರುವಾರ ಸುಮಾ ಕ್ಯಾಲೆಂಡರ್ ಎತ್ತಿ ಆ ನಂಬರಿಗೆ ಫೋನ್ ಮಾಡಿದಳು. ಆ ಕಡೆ ಚಿತ್ರದುರ್ಗದಿಂದ ಒಬ್ಬ ಹೆಣ್ಣುಮಗಳು ಮಾತಾಡಿದಳು.

“ಏನ್ ತೊಂದ್ರೆ ಅಮ್ಮಾ?”

“ನಮ್ಮೆಜಮಾನ್ರ ಕೈಯಲ್ಲಿ ತೀರ್ಥ ನಿಲ್ತಿಲ್ಲ ಮೇಡಂ.”

ಇಷ್ಟು ಹೊತ್ತಿಗೆ ಬೇರೆ ಯಾರೇ ಆಗಿದ್ದರೂ ಫೋನ್ ಇಡುತ್ತಿದ್ದರು. ಆ ಹೆಣ್ಣುಮಗಳು ಇಡಲಿಲ್ಲ. “ಅವರು ಎಂಥ ಕೆಲ್ಸ ಮಾಡ್ತಾರೆ?” ಎಂದು ಕೇಳಿದಳು. ಆ ಒಂದು ಪ್ರಶ್ನೆಗಾಗಿ ನಮ್ಮೂರು ಇವತ್ತಿಗೂ ಅವಳ ಹೆಸರು ಹೇಳಿ ಕೈ ಮುಗಿಯುತ್ತದೆ. ಹೆಸರು ತೇಜಸ್ವಿನಿ. ಕಾರ್ಖಾನೆಗಳ ಸುರಕ್ಷತೆ ನೋಡುವ ಇನ್‌ಸ್ಪೆಕ್ಟರ್.

ಶುಕ್ರವಾರ ಬೆಳಿಗ್ಗೆ ತೇಜಸ್ವಿನಿ ಮೇಡಂ ಜೀಪಿನಲ್ಲಿ ಶೆಡ್ಡಿಗೆ ಬಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರೆಲ್ಲ ಗುಡಿಯಲ್ಲಿತ್ತು. ಗುಡಿಯ ದಾರಿ ಹಿಡಿದಾಗ ಎದುರಿಗೆ ಅಜ್ಜಪ್ಪನ ಹಿಂಡು ಬಂತು. ಹದಿನೆಂಟು ಕುರಿಮರಿಗಳು, ಹದಿನೆಂಟಕ್ಕೂ ದಪ್ಪನೆಯ ಬಿಳಿ ಮಾಸ್ಕು, ಆಸ್ಪತ್ರೆಯ ಡಾಕ್ಟರುಗಳು ಸಾಲಾಗಿ ವಾರ್ಡಿಗೆ ಹೊರಟ ಹಾಗೆ.

ಮೇಡಂ ಜೀಪು ನಿಲ್ಲಿಸಿದರು. “ಇವನ್ನ ಯಾರು ಕೊಟ್ಟಿದ್ದು?”

“ನಮ್ ಓಬಳೇಶ, ನ್ಯಾನೋ ಆಪರೇಟರ್ರು,” ಅಂದ ಅಜ್ಜಪ್ಪ.

“ಅವರು ಯಾವ್ದು ಹಾಕ್ಕೋತಾರೆ?”

“ಅವನ್ಯಾಕೆ ಹಾಕ್ಕಂತಾನೆ ಮೇಡಂ? ಅವನೇನು ಮಣ್ಣು ತಿಂತಾನಾ?”

ಮೇಡಂ ಒಂದು ಪುಸ್ತಕ ತೆಗೆದು ಬರೆದುಕೊಂಡರು. ಏನು ಬರೆದರೋ ಗೊತ್ತಿಲ್ಲ. ಇಡೀ ಜಿಲ್ಲೆಯಲ್ಲಿ ಸುರಕ್ಷತಾ ನಿಯಮವನ್ನು ನೂರಕ್ಕೆ ನೂರು ಪಾಲಿಸಿದ ಹಿಂಡು ಅದೊಂದೇ ಇರಬೇಕು.

ಗುಡಿಯಲ್ಲಿ ಓಬಳೇಶ ಬೆಳಿಗ್ಗೆಯಿಂದ ಉಪವಾಸ. ತಲೆಗೆ ಸ್ನಾನ ಮಾಡಲು ಹೋಗಿದ್ದ, ಅರ್ಧ ನೀರು ಮೈಗೆ ತಾಕದೆ ಹೋಗಿತ್ತು. ಶಿವಕುಮಾರಪ್ಪನವರು ಮುಂದಿನ ಸಾಲಿನಲ್ಲಿ ನಿಂತಿದ್ದರು. ಓಬಳೇಶ ಅಂಗೈ ಚಾಚಿದ. ಚಮಚ ಬಾಗಿತು. ತೀರ್ಥ ಅಂಗೈಗೆ ಬಿದ್ದು, ಗುಂಡಗಾಗಿ, ಹೊರಟು ಹೋಯಿತು.

ಸುಮಾ ಕಣ್ಣು ಮುಚ್ಚಿಕೊಂಡಳು. ಓಬಳೇಶ ಚಾಚಿದ ಕೈಯನ್ನು ಹಿಂದೆ ತೆಗೆಯುವುದನ್ನೇ ಮರೆತು ನಿಂತ.

“ನಂದೇನ್ ತಪ್ಪಿಲ್ಲಪ್ಪ, ನೀನೇ ನೋಡಿದ್ಯಲ್ಲ,” ಅಂದರು ಶಿವಕುಮಾರಪ್ಪನವರು. “ನಾಳೆಯಿಂದ ಬರಬ್ಯಾಡ.” ಹಾಗೆಂದು ಸಮಾಧಾನದ ನಿಟ್ಟುಸಿರು ಬಿಟ್ಟು, ತಾವು ಅಂಗೈ ಚಾಚಿದರು.

ಜುಂಜಯ್ಯ ದೊಡ್ಡವರೆಂದು ಚಮಚ ತುಂಬ ಬಿಟ್ಟ. ತೀರ್ಥ ಶಿವಕುಮಾರಪ್ಪನವರ ಅಂಗೈಯಲ್ಲಿ ಒಂದು ಗಳಿಗೆ ಗೋಲಿಯ ಹಾಗೆ ಕೂತು, ಆಮೇಲೆ ಬೆರಳ ಸಂದಿಯಿಂದ ಜಾರಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಅಂಗಿಯ ಮೇಲೂ ನಿಲ್ಲದೆ ಉರುಳಿ ನೆಲ ಸೇರಿತು. ಕಳಿಸುವ ಮುನ್ನ ಪ್ರತಿ ಕಂಬಳಿಯನ್ನೂ ತಾವೇ ಸವರಿ ನೋಡುವುದು ಅವರ ಪದ್ಧತಿ.

ಇಪ್ಪತ್ತೈದು ಎಕರೆ ತೋಟದವರ ಕೈಯಿಂದ ತೀರ್ಥ ಓಡಿ ಹೋದರೆ ಅದನ್ನು ಪಾಪವೆನ್ನುವ ಧೈರ್ಯ ಯಾರಿಗಿತ್ತು? ಜುಂಜಯ್ಯ ತಂಬಿಗೆಯೊಳಗೆ ಬಗ್ಗಿ ನೋಡಿದ. “ಇವತ್ತು ತೀರ್ಥನೇ ಯಾಕೋ ಸರಿ ಇಲ್ಲ ಅನ್ಸುತ್ತೆ ಸಾವ್ಕಾರ್ರೆ,” ಅಂದ.

ಆಗ ಹಿಂದಿನಿಂದ ಮೇಡಂ ಧ್ವನಿ ಬಂತು. “ತೀರ್ಥ ಸರಿ ಇದೆ. ಶೆಡ್ಡಲ್ಲಿ ಕೆಲಸ ಮಾಡೋರೆಲ್ಲ ಒಬ್ಬೊಬ್ಬರಾಗಿ ಕೈ ಚಾಚಿ.”

ಹದಿನಾಲ್ಕು ಹೆಂಗಸರು ಚಾಚಿದರು. ಹದಿನಾಲ್ಕು ಕೈಯಿಂದಲೂ ಅಷ್ಟೋ ಇಷ್ಟೋ ಉರುಳಿತು. ಮೇಡಂ ಓಬಳೇಶನನ್ನು ಕಿಟಕಿಯ ಬಿಸಿಲ ಕೋಲಿನ ಹತ್ತಿರ ನಿಲ್ಲಿಸಿ, ಎಲ್ಲರನ್ನೂ ದೂರ ನಿಲ್ಲಲು ಹೇಳಿ, ಮೂಗಿಗೆ ಮಾಸ್ಕು ಏರಿಸಿಕೊಂಡು ಅವನ ತೋಳಿಗೊಂದು ಮೆಲ್ಲನೆಯ ಏಟು ಕೊಟ್ಟರು. ಬಿಸಿಲಲ್ಲಿ ಬಿಳಿ ಹೊಗೆ ಎದ್ದಿತು. ಎದ್ದದ್ದು ಕೆಳಗೆ ಕೂರಲಿಲ್ಲ, ತೇಲುತ್ತಲೇ ಇತ್ತು.

“ನೋಡಿ. ಇದು ಕಂಬಳಿ ಮೇಲೆ ಅಂಟಿದ್ರೆ ನಿಮಗೆ ಕೊಡೆ. ಹೀಗೆ ಗಾಳೀಲಿ ಹಾರಿ ಎದೆ ಒಳಗೆ ಹೋದ್ರೆ ಕಾಯಿಲೆ. ಎಷ್ಟು ದಿನದಿಂದ ಕೆಮ್ಮು ನಿಮಗೆ?”

“ಒಂದು ತಿಂಗಳಾಯ್ತು ಮೇಡಂ.”

“ಕೈಗೆ ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ಉಜ್ಜಿ ತೊಳೀರಿ, ಹೋಗುತ್ತೆ. ಶ್ವಾಸಕೋಶಕ್ಕೆ ಹರಳೆಣ್ಣೆ ಹಚ್ಚೋಕಾಗಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟಿಯ ಮಂಜು ಎಂದು ಅವರು ಸಂತೋಷಪಟ್ಟದ್ದು ಏನೆಂದು ಆಗ ಅವರಿಗೆ ತಿಳಿಯಿತು.

ಜುಂಜಯ್ಯನಿಗೆ ಒಂದು ಅನುಮಾನ ಉಳಿದಿತ್ತು. “ಹಂಗಾದ್ರೆ ಅಮ್ಮ ಏನೂ ಹೇಳಿಲ್ಲ ಅಂತೀರೇನ್ರಿ ಮೇಡಂ?”

ಮೇಡಂ ಗರ್ಭಗುಡಿಯ ಕಡೆ ಒಂದು ಸಲ ನೋಡಿದರು. “ಹೇಳಿದಾಳಲ್ಲ. ಕೈ ತೊಳ್ಕೊ ಅಂತ.”

ಶಿವಕುಮಾರಪ್ಪನವರ ಚಿಂತೆ ಬೇರೆಯಿತ್ತು. “ಶೆಡ್ ಮುಚ್ಚಿಸ್ತೀರೇನ್ರಿ?” ಎಂದು ಕೇಳಿದರು. ಅವರಿಗಿಂತ ಮೊದಲೇ ಹೆಂಗಸರು ಆ ಪ್ರಶ್ನೆಯನ್ನು ಮುಖದಲ್ಲಿ ಬರೆದುಕೊಂಡು ನಿಂತಿದ್ದರು.

“ಸದ್ಯಕ್ಕೆ ಬೀಗ ಹಾಕ್ತೀನಿ. ಪುಡಿ ಹಾರದ ಹಾಗೆ ಮೊದಲೇ ದ್ರವದಲ್ಲಿ ಕಲೆಸಿ ಕೊಡೋದೂ ಸಿಗುತ್ತೆ, ಅದನ್ನ ತರಿಸಿ. ಗಾಳಿ ಎಳೆದು ಸೋಸೋ ಮಷೀನ್ ಹಾಕ್ಸಿ. ಎಲ್ಲರ ಎದೆ ಪರೀಕ್ಷೆ ಮಾಡ್ಸಿ. ಮಾಸ್ಕ್ ಮನುಷ್ಯರಿಗೆ ಹಾಕ್ಸಿ. ಆಮೇಲೆ ನಾನೇ ಬಂದು ಬೀಗ ತೆಗೀತೀನಿ.”

“ಮರಿಗಳಿಗೆ ಅಭ್ಯಾಸ ಆಗ್ಬಿಟ್ಟೈತೆ ಮೇಡಂ,” ಅಂದ ಅಜ್ಜಪ್ಪ, ಬಾಗಿಲಲ್ಲಿ ನಿಂತು. “ಅವಕ್ಕೂ ಇರ್ಲಿ.”

ಸೋಮವಾರ ಹದಿನಾರು ಜನ ಹಿರಿಯೂರಿನ ಆಸ್ಪತ್ರೆಗೆ ಹೋದರು, ಶಿವಕುಮಾರಪ್ಪನವರೂ ಸೇರಿ. ಡಾಕ್ಟರು ಓಬಳೇಶನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತೂ ಸುಮಾ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

“ಸದ್ಯ ಏನೂ ಇಲ್ಲ. ಆ ಪುಡಿಯಿಂದ ದೂರ ಇದ್ರೆ ಕೆಮ್ಮೂ ಹೋಗುತ್ತೆ,” ಅಂದರು ಡಾಕ್ಟರು. “ಹೀಗೇ ಇನ್ನೆರಡು ವರ್ಷ ಉಸಿರಾಡಿದ್ರೆ ನಾನು ಇಷ್ಟು ಸುಲಭವಾಗಿ ಮಾತಾಡ್ತಿರಲಿಲ್ಲ. ಒಂದೇ ತಿಂಗಳಿಗೆ ಹೇಗೆ ಗೊತ್ತಾಯ್ತು ನಿಮಗೆ?”

“ತೀರ್ಥ ನಿಲ್ಲಿಲ್ಲ ಸಾರ್,” ಅಂದ ಓಬಳೇಶ.

ಹೊರಗೆ ಬಂದು ಬೆಂಚಿನ ಮೇಲೆ ಕೂತವನು ಬಸ್ಸು ಬಂದರೂ ಏಳಲಿಲ್ಲ. ಸುಮಾ ಏನೆಂದು ಕೇಳಿದಳು. “ನೀನು ಆ ಕ್ಯಾಲೆಂಡರ್ ಎತ್ತಿದ್ಯಲ್ಲ,” ಅಂದ. ಅಷ್ಟೇ ಅಂದ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ಹೆಂಡತಿಯನ್ನು ಹೊಗಳಿದ್ದು ಅದೇ ಮೊದಲು. ಸುಮಾ, “ಏಳ್ರಿ, ಬಸ್ ಹೋಗ್ತೈತೆ, ಹೋಗಾಣ,” ಎಂದಳು. ಆದರೆ ಅವಳೂ ತಕ್ಷಣ ಏಳಲಿಲ್ಲ.

ಶೆಡ್ಡಿನಲ್ಲಿ ಮಷೀನು ಬಂತು, ಪೈಪು ಬಂತು, ದ್ರವದ ಕ್ಯಾನು ಬಂತು. ಅವಕ್ಕೆ ಹಾಕಿದ ಹಣವನ್ನು ನೆನೆದು ಶಿವಕುಮಾರಪ್ಪನವರು ಮೂರು ದಿನ ಮಾತು ಬಿಟ್ಟಿದ್ದರು. ಗಂಜಿ ಕಲೆಸುವ ಕೆಲಸ ಯಾರಿಗೆ ಕೊಡುವುದೆಂಬ ಪ್ರಶ್ನೆಯೊಂದು ಉಳಿದಿತ್ತು. ಅದಕ್ಕೆ ಅನುಭವಸ್ಥ ಬೇಕೆಂದು ನಿಯಮ. ಗ್ಲೌಸು ಇಲ್ಲದೆ ಕಲೆಸಿದರೆ ಏನಾಗುತ್ತದೆಂದು ತಿಳಿದವನು ಜಿಲ್ಲೆಯಲ್ಲಿ ಓಬಳೇಶನಿಗಿಂತ ಬೇರೆ ಯಾರಿದ್ದರು? ಶಿವಕುಮಾರಪ್ಪನವರು ತಾವೇ ಮನೆಗೆ ಬಂದು ಕರೆದರು. ಈ ಸಲ ಕಾರಿನಿಂದ ಇಳಿದು ಕರೆದರು. ಅದನ್ನು ಊರೆಲ್ಲ ನೋಡಿತು.

ಬೀಗ ತೆಗೆಯುವ ದಿನ ಓಬಳೇಶ ಬಾಗಿಲಲ್ಲೇ ನಿಂತಿದ್ದ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಅವನ ಮುಖದಲ್ಲಿ ಹಣೆ ಮಾತ್ರ ಕಾಣುತ್ತಿತ್ತು, ಹಣೆಯಲ್ಲಿ ಬಹಳ ಜಂಬ ಕಾಣುತ್ತಿತ್ತು. ಶಿವಕುಮಾರಪ್ಪನವರು ಹಾಗೇ ಒಳಗೆ ಹೋಗಲು ಬಂದರು. ಓಬಳೇಶ ಕೈ ಅಡ್ಡ ಹಿಡಿದ.

“ಲೇ, ಇದು ನನ್ ಶೆಡ್ಡು ಕಣೋ.”

“ಶೆಡ್ಡು ನಿಮ್ದೇ ಸಾವ್ಕಾರ್ರೆ. ಆದ್ರೆ ಎದೇನೂ ನಿಮ್ದೇ. ಮಾಸ್ಕ್ ಹಾಕ್ಕಂಡ್ ಬರ್ರಿ.”

ಶಿವಕುಮಾರಪ್ಪನವರು ಸುತ್ತ ನೋಡಿದರು. ಹದಿನಾಲ್ಕು ಹೆಂಗಸರು ಮಾಸ್ಕು ಹಾಕಿಕೊಂಡು ಅವರನ್ನೇ ನೋಡುತ್ತಿದ್ದರು. ಹೋಗಿ ಒಂದು ಮಾಸ್ಕು ತೆಗೆದುಕೊಂಡರು.

ತೇಜಸ್ವಿನಿ ಮೇಡಂ ಎಲ್ಲವನ್ನೂ ನೋಡಿ, ಅಳೆದು, ಕಾಗದಕ್ಕೆ ಸಹಿ ಹಾಕಿದರು. ಓಬಳೇಶ ಒಂದು ಹೊಸ ಕಂಬಳಿಯನ್ನು ಮಡಿಸಿ ಅವರ ಮುಂದೆ ಹಿಡಿದ.

“ಬೇಡ ಓಬಳೇಶ್. ನಾನು ಏನೂ ತಗೊಳ್ಳೋ ಹಾಗಿಲ್ಲ. ರೂಲ್ಸ್ ಇದೆ.”

“ಟವಲ್ಲು?”

“ಟವಲ್ಲೂ ಬೇಡ.”

“ನಿಂಬೆಹಣ್ಣು?”

“ನಿಂಬೆಹಣ್ಣೂ ಬೇಡ.”

ಓಬಳೇಶ ಸುಮಾಳನ್ನು ನೋಡಿದ. ಸುಮಾ ಹೋಗಿ ಮನೆಯಿಂದ ಅವರ ಅಜ್ಜಿ ಕಾಲದ ಹುಣಸೆ ಗಂಜಿಯ ಕಂಬಳಿ ತಂದು ಅಂಗಳದಲ್ಲಿ ನಾಲ್ಕು ಮಡಿಕೆ ಮಾಡಿ ಹಾಸಿದಳು. ನಮ್ಮಲ್ಲಿ ಕಂಬಳಿ ಗದ್ದುಗೆ ಹಾಸುವುದು ದೇವರಿಗೆ, ಗುರುವಿಗೆ, ಮದುವಣಿಗರಿಗೆ. ಇನ್‌ಸ್ಪೆಕ್ಟರಿಗೆ ಹಾಸಿದ್ದು ಅದೇ ಮೊದಲು.

“ಕುಂತ್ಕಳ್ರಿ ಮೇಡಂ,” ಅಂದ ಓಬಳೇಶ. “ತಗಳ್ಳಾದು ಬ್ಯಾಡ. ಬರೀ ಕುಂತ್ಕಳ್ರಿ. ಕುಂತ್ಕಬಾರ್ದು ಅಂತ ರೂಲ್ಸ್ ಐತೇನ್ರಿ?”

ಮೇಡಂ ಸ್ವಲ್ಪ ಯೋಚಿಸಿದರು. “ಇಲ್ಲ,” ಎಂದು ಚಪ್ಪಲಿ ಬಿಟ್ಟು ಕೂತರು. ದುರುಗಕ್ಕ ಟೀ ತಂದಳು. ಟೀ ಮುಗಿಯುವ ತನಕ ಗದ್ದುಗೆಯವರು ಏಳಬಾರದು. ಟೀ ಬಿಸಿಯಾಗಿತ್ತು, ಮೇಡಂ ಮೆಲ್ಲಗೆ ಕುಡಿಯುತ್ತಿದ್ದರು. ಅಷ್ಟರಲ್ಲಿ ಮಳೆ ಶುರುವಾಯಿತು. ಸಣ್ಣದಲ್ಲ, ಗಂಜಿ ಕಂಬಳಿ ತಡೆಯದ ಮಳೆ.

ಯಾರೂ ಯಾರಿಗೂ ಹೇಳಲಿಲ್ಲ. ಹದಿನಾಲ್ಕು ಹೆಂಗಸರೂ ಓಬಳೇಶನೂ ಶೆಡ್ಡಿಗೆ ನುಗ್ಗಿ, ಹೊಸ ಕಂಬಳಿಗಳನ್ನು ತಂದು, ತುದಿ ತುದಿ ಹಿಡಿದು ಮೇಡಂ ತಲೆಯ ಮೇಲೆ ಚಪ್ಪರ ಹಿಡಿದು ನಿಂತರು. ಮಳೆ ಸುರಿಯಿತು. ಗದ್ದುಗೆಯ ಮೇಲೆ ಒಂದು ಹನಿ ಬೀಳಲಿಲ್ಲ. ಟೀ ಲೋಟದಲ್ಲಿ ಒಂದು ಹನಿ ಬೀಳಲಿಲ್ಲ. ಚಪ್ಪರದ ಮೇಲೆ ಬಿದ್ದ ನೀರೆಲ್ಲ ಮಣಿ ಮಣಿಯಾಗಿ ಉರುಳಿ, ಸಾಲುಗಟ್ಟಿ, ಒಂದೇ ಮೂಲೆಗೆ ಹರಿದು ಧಾರೆಯಾಗಿ ಕೆಳಗಿಳಿಯಿತು. ಆ ಮೂಲೆಯಲ್ಲಿ ಶಿವಕುಮಾರಪ್ಪನವರು ನಿಂತಿದ್ದರು.

ಅವರು ಕದಲಲಿಲ್ಲ. ತಲೆಯಿಂದ ಪಾದದವರೆಗೆ ತೊಯ್ದು, ಎರಡೂ ಕೈ ಮುಗಿದುಕೊಂಡು, “ನೋಡಿದ್ರಾ ಮೇಡಂ, ಹೆಂಗೈತೆ ಮಾಲು,” ಅಂದರು.